ಮೊದಲು ಬೇಕಾದದ್ದು ಬ್ಯಾಂಕಿನ ಮುದ್ರೆ

ಖಾತೆಯಿಂದ ರೊಕ್ಕ ಹೋಗಿದೆ ಎಂದು ಗೊತ್ತಾದ ದಿನ ನಮ್ಮ ಕಡೆ ಜನ ಓಡಾಡುವುದಕ್ಕೊಂದು ಕ್ರಮವಿದೆ. ಮೊದಲು ಮನೆಯವರೆಲ್ಲ ಕೂತು ಯಾರು ತೆಗೆದಿರಬಹುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆಮೇಲೆ ಪರಿಚಯದ ಪೊಲೀಸರಿಗೊಂದು ಫೋನು. ಮರುದಿನ ಊರ ಠಾಣೆ, ಅಲ್ಲಿಂದ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಹಾವೇರಿಯಲ್ಲೋ ಇರುವ ಸಿಇಎನ್ ಠಾಣೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ. ಬ್ಯಾಂಕಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮೂರ್ನಾಲ್ಕು ದಿನ ಕಳೆದಿರುತ್ತದೆ. ಅಲ್ಲಿಯೂ ಬಾಯಿಮಾತಿನಲ್ಲಿ ಹೇಳಿ, "ನೋಡ್ತೀವ್ರಿ, ಹೆಡ್ ಆಫೀಸಿಗೆ ಕಳಸ್ತೀವಿ" ಎಂಬ ಉತ್ತರ ಕೇಳಿಕೊಂಡು ವಾಪಸು ಬರುತ್ತಾರೆ. ಕಳ್ಳ ಸಿಗಬೇಕು, ಸರಿ. ಆದರೆ ಖಾತೆದಾರನಿಗೆ ರೊಕ್ಕ ಮರಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಬೇರೊಂದು ಪ್ರಶ್ನೆಯ ಮೇಲೆ ನಿಂತಿದೆ: ಬ್ಯಾಂಕಿಗೆ ತಿಳಿಸಿದ್ದು ಯಾವಾಗ, ಅದಕ್ಕೆ ಕೈಯಲ್ಲಿರುವ ಕಾಗದ ಯಾವುದು?

ಈ ಪ್ರಶ್ನೆಯ ಬುಡ ಇರುವುದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ. ಗ್ರಾಮೀಣ ಬ್ಯಾಂಕುಗಳೂ ಸೇರಿ ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಅದು ಹೊರಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ನಿಯಮ ಬಂತು. ಅದರ ತಿರುಳು ಇಷ್ಟು. ತಪ್ಪು ಬ್ಯಾಂಕಿನದಾದರೆ ಗ್ರಾಹಕ ಒಂದು ಪೈಸೆಯನ್ನೂ ಹೊರಬೇಕಿಲ್ಲ, ತಡವಾಗಿ ಹೇಳಿದರೂ ಸರಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ವ್ಯವಸ್ಥೆಯಲ್ಲಿ ಸೋರಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಹೊಣೆ ಸೊನ್ನೆ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಒಂದೊಂದು ವ್ಯವಹಾರಕ್ಕೂ ಒಂದು ಮಿತಿಯವರೆಗೆ ಹೊರೆ ಅವನ ಮೇಲೆ: ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಉಳಿದ ಉಳಿತಾಯ ಖಾತೆಗಳಿಗೆ 10,000, ದೊಡ್ಡ ಚಾಲ್ತಿ ಖಾತೆಗಳಿಗೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಏನು ಹೇಳುತ್ತದೋ ಅದು.

ಗ್ರಾಹಕನದೇ ನಿರ್ಲಕ್ಷ್ಯ, ಅಂದರೆ ಪಿನ್ನನ್ನೋ ಓಟಿಪಿಯನ್ನೋ ತಾನೇ ಹೇಳಿದ್ದಾನೆ ಎಂದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಈ ಕೊನೆಯ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಓಟಿಪಿ ಹೇಳಿಬಿಟ್ಟೆವಲ್ಲ ಎಂಬ ನಾಚಿಕೆಯಲ್ಲಿ ಎರಡು ದಿನ ಸುಮ್ಮನಿರುವವರು, ಆ ಎರಡು ದಿನದಲ್ಲಿ ಹೋಗುವ ರೊಕ್ಕವನ್ನೂ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ದಿನ ಎಣಿಸುವ ರೀತಿಯನ್ನೂ ಸುತ್ತೋಲೆಯೇ ಹೇಳಿದೆ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ, ನಿಮ್ಮ ಖಾತೆ ಇರುವ ಶಾಖೆಯ ಕೆಲಸದ ದಿನಗಳೇ ಲೆಕ್ಕ. ಗುರುವಾರ ಸಂಜೆ ಸಂದೇಶ ಬಂತೆನ್ನಿ. ಶುಕ್ರವಾರ ಒಂದು. ಮರುದಿನ ಎರಡನೆಯ ಶನಿವಾರ, ಆಮೇಲೆ ಭಾನುವಾರ, ಎರಡೂ ಬಿಟ್ಟವು. ಸೋಮವಾರ ಗಣೇಶ ಚೌತಿಯ ರಜೆಯಾದರೆ ಮಂಗಳವಾರ ಎರಡು, ಬುಧವಾರ ಮೂರು. ಆ ಬುಧವಾರ ಬಂದವನಿಗೆ ಕೌಂಟರಿನಲ್ಲಿ "ಆರು ದಿನ ಆಗೇತಲ್ರಿ" ಎಂದರೆ ಕ್ಯಾಲೆಂಡರ್ ತೋರಿಸಿ ಎಣಿಸಬಹುದು. ಇದರರ್ಥ ಬುಧವಾರದವರೆಗೆ ಕಾಯಬಹುದು ಎಂದಲ್ಲ. ಬ್ಯಾಂಕಿನ ಸಹಾಯವಾಣಿ ರಜೆಯ ದಿನವೂ ಇರುತ್ತದೆ, ಇರಲೇಬೇಕು.

ತಕರಾರು ಹೂಡುವ ಮೊದಲು ಪಾಸ್‌ಬುಕ್ಕಿನ ಆ ಒಂದು ಸಾಲನ್ನು ಸರಿಯಾಗಿ ಓದಿಸಿಕೊಳ್ಳಬೇಕು. "ಕಳುವಾಗಿದೆ" ಎಂದು ಬಂದ ಎಷ್ಟೋ ಪ್ರಕರಣಗಳಲ್ಲಿ ಕಳ್ಳನೇ ಇರುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಹೋಗಿದ್ದರೆ ಅದು ಜೀವನಜ್ಯೋತಿ ವಿಮೆ; 20 ರೂಪಾಯಿ ಹೋಗಿದ್ದರೆ ಸುರಕ್ಷಾ ವಿಮೆ. ಮುಂಗಾರಿನ ಹೊತ್ತಿಗೆ ಬೆಳೆಸಾಲದ ಖಾತೆಯಿಂದ ಹೋದದ್ದು ಫಸಲ್ ಬಿಮಾ ಎಂಬ ಬೆಳೆವಿಮೆಯ ಕಂತು ಇರಬಹುದು. ಇದು 2020ರ ಮುಂಗಾರಿನಿಂದ ಸಾಲ ಪಡೆದ ರೈತರಿಗೂ ಐಚ್ಛಿಕ, ಆದರೆ ಬೇಡ ಎಂದು ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚೆ ಬರೆದುಕೊಡದಿದ್ದರೆ ಕಡಿತ ಆಗುತ್ತದೆ. ಎಸಿಎಚ್ ಅಥವಾ ನ್ಯಾಚ್ ಎಂದಿದ್ದರೆ ಯಾವುದೋ ಸಾಲದ ಕಂತಿಗೆ ನೀವು ಸಹಿ ಮಾಡಿಕೊಟ್ಟ ಆದೇಶ. ಸಹಿ ಮಾಡಿಯೇ ಇಲ್ಲ ಎಂದಾದರೆ ಆ ಆದೇಶದ ಪ್ರತಿ ಕೇಳಿ. ಇವಕ್ಕೆಲ್ಲ ಬೇರೆ ಅರ್ಜಿ, ಬೇರೆ ದಾರಿ. ಎಲ್ಲವನ್ನೂ ವಂಚನೆ ಎಂದು ಬರೆದರೆ ನಿಜವಾದ ವಂಚನೆಯ ಸಾಲೂ ಅದರಲ್ಲಿ ಮುಳುಗಿಹೋಗುತ್ತದೆ.

ನಿಜವಾದದ್ದು ಎಂದು ಖಾತ್ರಿಯಾದರೆ ಹುಡುಕಬೇಕಾದದ್ದು 12 ಅಂಕಿಗಳ ಒಂದು ಸಂಖ್ಯೆ. ಯುಪಿಐ, ಎಟಿಎಂ, ಆಧಾರ್ ಹೆಬ್ಬಟ್ಟಿನ ವ್ಯವಹಾರ, ಮೂರಕ್ಕೂ ಅದು ಇರುತ್ತದೆ. ಆರ್‌ಆರ್‌ಎನ್ ಎನ್ನುತ್ತಾರೆ, ಯುಪಿಐನಲ್ಲಿ ಯುಟಿಆರ್ ಎಂದೂ ಕರೆಯುವುದುಂಟು. ಸಾಮಾನ್ಯವಾಗಿ ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. 2025ರ ಆಗಸ್ಟ್ 1 ಆ ವರ್ಷದ 213ನೆಯ ದಿನ, ಹಾಗಾಗಿ ಅಂದಿನ ಸಂಖ್ಯೆ 5213 ಎಂದು ಶುರುವಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದ ದಿನಕ್ಕೂ ವ್ಯವಹಾರ ನಡೆದ ದಿನಕ್ಕೂ ವ್ಯತ್ಯಾಸ ಇದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಮುದ್ರಿತ ಪಾಸ್‌ಬುಕ್ಕಿನಲ್ಲಿ ಜಾಗ ಸಾಲದೆ ಈ ಸಂಖ್ಯೆ ಅರ್ಧಕ್ಕೇ ಕತ್ತರಿಸಿಹೋಗಿರುತ್ತದೆ. ಶಾಖೆಯಿಂದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ.

ಈಗ ಮೊದಲ ಗಂಟೆಯ ಕೆಲಸ. ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ವಾಪಸು ಓದಿ ಹೇಳಿ, ಸಮಯವನ್ನೂ ಬರೆದಿಡಿ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಇನ್ನೊಬ್ಬ ಕಳ್ಳ ಕೂತಿರುತ್ತಾನೆ. ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನ ಮೇಲೆ ಅಚ್ಚಾದದ್ದೇ ಸರಿ. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಹಳೆಯ ಪಾಸ್‌ಬುಕ್ ಇಟ್ಟುಕೊಂಡ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಗ್ರಾಹಕರು ಈಗಿನ ಸಂಖ್ಯೆಯನ್ನು ಶಾಖೆಯಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇನ್ನೊಂದು ಫೋನು. ಕದ್ದ ರೊಕ್ಕ ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಟಿಎಂನಿಂದ ಹೊರಬೀಳುವ ಮೊದಲು ಸಿಕ್ಕಷ್ಟಕ್ಕೆ ಅಲ್ಲಲ್ಲೇ ತಡೆ ಹಾಕಿಸುವುದು ಈ ಸಂಖ್ಯೆಯ ಕೆಲಸ. ಖಾತೆ ಸಂಖ್ಯೆ, ಬ್ಯಾಂಕಿನ ಹೆಸರು, ಮೊತ್ತ, ಸಮಯ, ಆ 12 ಅಂಕಿ ಎದುರಿಗಿಟ್ಟುಕೊಂಡು ಮಾಡಿ. ಆಮೇಲೆ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ ದೂರನ್ನು ಪೂರ್ತಿ ಮಾಡಬೇಕು. ಫೋನ್ ಮಾಡಿ ಅಷ್ಟಕ್ಕೇ ಬಿಟ್ಟರೆ ಅರ್ಧ ಕೆಲಸ. ಹೀಗೆ ತಡೆಹಿಡಿದ ರೊಕ್ಕ ತಾನಾಗಿ ನಿಮ್ಮ ಖಾತೆಗೆ ನಡೆದುಬರುವುದಿಲ್ಲ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಾಗಬಹುದು. ಲೋಕ ಅದಾಲತ್‌ನಲ್ಲೂ ಇಂಥವು ಇತ್ಯರ್ಥ ಆಗುತ್ತವೆ. ಆದ್ದರಿಂದ ಎಲ್ಲಿ, ಎಷ್ಟು ತಡೆಹಿಡಿದಿದ್ದಾರೆ ಎಂದು ಸಿಇಎನ್ ಠಾಣೆಯಲ್ಲಿ ವಿಚಾರಿಸುತ್ತಲೇ ಇರಬೇಕು.

1930ಕ್ಕೆ ಹೇಳಿದರೆ ಬ್ಯಾಂಕಿಗೆ ಹೇಳಿದಂತೆಯೇ ಎಂದು ಕೂರುವವರಿದ್ದಾರೆ. ಅದನ್ನು ನಂಬಬೇಡಿ. ಶಾಖೆಗೆ ಲಿಖಿತ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ. ನಾಲ್ಕು ಪುಟದ ಗೋಳು ಬೇಡ, ಒಂದು ಪುಟ ಸಾಕು:

"ನನ್ನ ಉಳಿತಾಯ ಖಾತೆಯಿಂದ ಇಂಥ ದಿನಾಂಕ, ಇಂಥ ಸಮಯಕ್ಕೆ, ಈ 12 ಅಂಕಿಯ ಸಂಖ್ಯೆಯ ಮೂಲಕ ಇಷ್ಟು ರೂಪಾಯಿ ಕಡಿತವಾಗಿದೆ. ಈ ವ್ಯವಹಾರವನ್ನು ನಾನು ಮಾಡಿಲ್ಲ, ಮಾಡಲು ಯಾರಿಗೂ ಅನುಮತಿ ಕೊಟ್ಟಿಲ್ಲ. ತಮ್ಮ ಸಂದೇಶ ನನಗೆ ಇಂಥ ದಿನ ಬಂದಿದೆ. ಸಹಾಯವಾಣಿಗೆ ಇಂಥ ಸಮಯಕ್ಕೆ ತಿಳಿಸಿದ್ದೇನೆ, ದೂರಿನ ಸಂಖ್ಯೆ ಇದು. ರಿಸರ್ವ್ ಬ್ಯಾಂಕಿನ ನಿಯಮದಂತೆ 10 ಕೆಲಸದ ದಿನಗಳೊಳಗೆ ಮೊತ್ತವನ್ನು ಖಾತೆಗೆ ಜಮಾ ಮಾಡಬೇಕು. ವ್ಯವಹಾರ ನಡೆದ ಯಂತ್ರದ ಸಂಖ್ಯೆ, ಸ್ಥಳ, ದಾಖಲೆಗಳನ್ನು ಮತ್ತು ಸಿಸಿಟಿವಿ ದೃಶ್ಯವನ್ನು ಕಾಯ್ದಿಡಬೇಕು, ಅವುಗಳ ಪ್ರತಿಯನ್ನು ನನಗೆ ಕೊಡಬೇಕು."

"ಯಾರೋ ನನ್ನ ಓಟಿಪಿ ಪಡೆದು" ಎಂಬಂಥ ಊಹೆಗಳನ್ನು ಇದರಲ್ಲಿ ಸೇರಿಸಬೇಡಿ. ನಡೆದದ್ದನ್ನು ಮುಚ್ಚಿಡಬೇಕೆಂದು ಹೇಳುತ್ತಿಲ್ಲ. ನಿಮಗೆ ಗೊತ್ತಿಲ್ಲದ್ದನ್ನು ನೀವೇ ಬರೆದುಕೊಟ್ಟರೆ ನಾಳೆ ಅದು ನಿಮ್ಮದೇ ಒಪ್ಪಿಗೆಯಾಗಿ ತಿರುಗಿ ಬರುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ, ಸಹಿ, ಶಾಖೆಯ ದುಂಡು ಮುದ್ರೆ ಹಾಕಿಸಿಕೊಳ್ಳಿ. "ಎಫ್‌ಐಆರ್ ತೊಗೊಂಡ ಬರ್ರಿ, ಆಮ್ಯಾಲೆ ನೋಡೂಣು" ಎನ್ನುವ ಶಾಖೆಗಳಿವೆ. ತಿಳಿಸುವುದಕ್ಕೆ ಎಫ್‌ಐಆರ್ ಬೇಕೆಂದು ಸುತ್ತೋಲೆಯಲ್ಲಿ ಎಲ್ಲೂ ಇಲ್ಲ. ವಾದಕ್ಕೆ ನಿಲ್ಲುವ ಬದಲು ಅದೇ ಅರ್ಜಿಯ ಫೋಟೊವನ್ನು ಶಾಖೆಯ ಮತ್ತು ದೂರು ನೋಡುವ ನೋಡಲ್ ಅಧಿಕಾರಿಯ ಇಮೇಲಿಗೆ ಅಲ್ಲೇ ನಿಂತು ಕಳಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ಗೆ ಹಾಕಿ. ಅಂಚೆಯ ರಸೀದಿಯೂ ಒಂದು ಮುದ್ರೆಯೇ.

ಹತ್ತು ಕೆಲಸದ ದಿನಗಳಲ್ಲಿ ಬರುವ ಜಮಾ ತಾತ್ಕಾಲಿಕ. ಕೆಲವು ಬ್ಯಾಂಕುಗಳು ಜಮಾ ತೋರಿಸಿ, ತೆಗೆಯದಂತೆ ತಡೆ ಹಾಕಿಡುತ್ತವೆ. ತನಿಖೆ ಮುಗಿಸಿ ಹೊಣೆ ಯಾರದೆಂದು ತೀರ್ಮಾನಿಸಲು ಇರುವ ಅವಧಿ 90 ದಿನ. ಗ್ರಾಹಕನೇ ಹೊಣೆ ಎಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಇದು ಆ ಇಡೀ ಸುತ್ತೋಲೆಯಲ್ಲಿ ಗ್ರಾಹಕನಿಗೆ ಸಿಕ್ಕ ಅತಿ ದೊಡ್ಡ ಬಲ. ನಡೆಯುವುದು ಮಾತ್ರ ಉಲ್ಟಾ. "ನಿಮ್ಮ ಮೊಬೈಲಿಗೇ ಓಟಿಪಿ ಬಂದೈತಲ್ರಿ" ಎಂಬ ಒಂದೇ ಸಾಲಿನಲ್ಲಿ ಕಡತ ಮುಚ್ಚುತ್ತಾರೆ. ಓಟಿಪಿ ಹೋಯಿತು ಎನ್ನುವುದಕ್ಕೂ ಗ್ರಾಹಕ ಅದನ್ನು ಹೇಳಿದ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ. ಸಿಮ್ ಬೇರೆಯವರ ಕೈಗೆ ಮರುವಿತರಣೆ ಆಗಿರಬಹುದು. ಮದುವೆ ಆಮಂತ್ರಣ, ಸಂಚಾರ ದಂಡ, ಪಿಎಂ ಕಿಸಾನ್ ಎಂದು ವಾಟ್ಸಾಪಿನಲ್ಲಿ ಬರುವ, ಕಳ್ಳ ಆ್ಯಪ್ ಹಾಕುವ ಎಪಿಕೆ ಕಡತ ಮುಟ್ಟಿದ ಫೋನಿನಿಂದ ಸಂದೇಶಗಳು ಯಜಮಾನನ ಕಣ್ಣಿಗೆ ಬೀಳುವ ಮೊದಲೇ ಬೇರೆಡೆಗೆ ಹೋಗುತ್ತಿರಬಹುದು. ಹಾಗಾಗಿ ಓಟಿಪಿ ಯಾವ ಸಂಖ್ಯೆಗೆ, ಯಾವ ಹೊತ್ತಿಗೆ ಹೋಯಿತು, ಯಾವ ಸಾಧನದಿಂದ ಲಾಗಿನ್ ಆಯಿತು, ಹೊಸ ಸಾಧನ ಎಂದು ಎಚ್ಚರಿಕೆ ಕಳಿಸಿದ್ದೀರಾ ಎಂದು ಲಿಖಿತವಾಗಿ ಕೇಳಬೇಕು. ಫೋನನ್ನು ಗಾಬರಿಯಲ್ಲಿ ರೀಸೆಟ್ ಮಾಡಿಬಿಟ್ಟರೆ ನಿಮ್ಮ ಪರವಾದ ಸಾಕ್ಷಿಯೇ ಅಳಿಸಿಹೋಗುತ್ತದೆ. ಇಂಟರ್ನೆಟ್ ಬಂದ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಪೊಲೀಸರಿಗೆ ತೋರಿಸಿದ ಮೇಲೆ ಮಾಡಿ.

ಇಂಥದ್ದೇ ಒಂದು ಪ್ರಕರಣ ದಿಲ್ಲಿಯವರೆಗೆ ಹೋಗಿದೆ. ಅಂಗಡಿಯ ಗ್ರಾಹಕ ಸೇವೆಯವರೆಂದು ಹೇಳಿಕೊಂಡವರ ಮಾತು ಕೇಳಿ ಆ್ಯಪ್ ಹಾಕಿಕೊಂಡ ಅಸ್ಸಾಮಿನ ಗ್ರಾಹಕರೊಬ್ಬರು 94,204 ರೂಪಾಯಿ ಕಳೆದುಕೊಂಡಿದ್ದರು. ಬ್ಯಾಂಕು ಹೊಣೆ ಹೊರಬೇಕೆಂದ ಗುವಾಹಟಿ ಹೈಕೋರ್ಟಿನ ತೀರ್ಪಿನಲ್ಲಿ ತಲೆಹಾಕಲು 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಲ್ಲಿ ತೂಕ ಬಂದ ಸಂಗತಿಗಳಲ್ಲಿ ಒಂದು, ಆ ಗ್ರಾಹಕರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು ಎಂಬುದು.

ಹಳ್ಳಿಗಳ ಕಡೆ ಓಟಿಪಿಗಿಂತ ಹೆಚ್ಚು ಕಾಟ ಹೆಬ್ಬಟ್ಟಿನದು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಊರಲ್ಲೇ ಬ್ಯಾಂಕಿನ ಪರವಾಗಿ ರೊಕ್ಕ ಕೊಡುವ ಬ್ಯಾಂಕ್ ಮಿತ್ರರ ಬಳಿಯ ಸಣ್ಣ ಯಂತ್ರದಲ್ಲಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಾರ್ಡ್ ಬೇಡ, ಓಟಿಪಿ ಬೇಡ. ಗೃಹಲಕ್ಷ್ಮಿ, ಪಿಂಚಣಿ ಜಮಾ ಆದ ವಾರ ಅಲ್ಲಿ ಸಾಲು ನಿಂತಿರುತ್ತದೆ. ಬಹುಪಾಲು ಮಿತ್ರರು ನೇರ ಜನ. ಆದರೆ ಕೈಚಳಕ ಇರುವವನು ಮಾಡುವುದು ಇಷ್ಟೇ: ಬೆರಳು ಇಡಿಸಿಕೊಳ್ಳುತ್ತಾನೆ, ವ್ಯವಹಾರ ಆಗಿಬಿಡುತ್ತದೆ, "ಸರ್ವರ್ ಹೋಗೇತಿ ಅಜ್ಜಿ, ಇನ್ನೊಮ್ಮೆ ಹೆಬ್ಬಟ್ಟು ಇಡ್ರಿ" ಎನ್ನುತ್ತಾನೆ. ಎರಡನೆಯ ಸಲದ ರೊಕ್ಕ ಅಜ್ಜಿಯ ಕೈಗೆ, ಮೊದಲನೆಯದು ಅವನ ಜೇಬಿಗೆ. ಮೊಬೈಲ್ ಮಗನ ಹತ್ತಿರ ಬೆಂಗಳೂರಿನಲ್ಲಿ ಇರುವುದರಿಂದ ಸಂದೇಶ ಬಂದದ್ದೂ ಅಜ್ಜಿಗೆ ತಿಳಿಯುವುದಿಲ್ಲ. ಬೆರಳಿಟ್ಟ ಪ್ರತಿ ಸಲವೂ, ಆಗಲಿಲ್ಲ ಎಂದಾಗಲೂ, ಚೀಟಿ ಕೇಳಬೇಕು.

ಎರಡನೆಯ ಬಗೆ, ಬೆರಳಚ್ಚನ್ನೇ ನಕಲು ಮಾಡುವುದು. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬಟ್ಟನ್ನು ಕದ್ದು ಖಾತೆ ಖಾಲಿ ಮಾಡಿದ ದೂರುಗಳು ಕರ್ನಾಟಕದಲ್ಲಿ 2023ರಲ್ಲಿ ಬಂದಿದ್ದವು. ಇಂಥಲ್ಲಿ ತಕರಾರಿನ ಹಿಡಿ ಇರುವುದು ಆಧಾರ್ ಪ್ರಾಧಿಕಾರದ ದಾಖಲೆಯಲ್ಲಿ. ಆಧಾರ್ ಜಾಲತಾಣದಲ್ಲಿ ದೃಢೀಕರಣದ ಇತಿಹಾಸ ಎಂಬ ಭಾಗವಿದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಬೆರಳು ಅಥವಾ ಓಟಿಪಿ ಯಾವ ದಿನ, ಯಾವ ಹೊತ್ತಿಗೆ, ಯಾವ ಸಂಸ್ಥೆಯ ಮೂಲಕ ಬಳಕೆಯಾಯಿತು ಎಂದು ಅದು ತೋರಿಸುತ್ತದೆ. ಅದನ್ನು ಇಳಿಸಿಕೊಂಡು ಅರ್ಜಿಗೆ ಲಗತ್ತಿಸಿ. ಯಂತ್ರ ಇರುವ ಊರು ಯಾವುದೆಂದು ಬ್ಯಾಂಕಿನಿಂದ ತಿಳಿದುಕೊಂಡು, ಆ ಹೊತ್ತಿಗೆ ನೀವು ಎಲ್ಲಿದ್ದಿರಿ ಎಂಬುದಕ್ಕೆ ಕಾಗದ ಕೂಡಿಸಿ: ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಅಂದಿನ ಪಟ್ಟಿ, ಉದ್ಯೋಗ ಖಾತ್ರಿಯ ಹಾಜರಿ, ಆಸ್ಪತ್ರೆಯ ಹೊರರೋಗಿ ಚೀಟಿ, ಶಾಲೆಯ ಹಾಜರಿ ಪುಸ್ತಕ. ಬಿಹಾರದ ಯಂತ್ರದಲ್ಲಿ ಬೆರಳಿಟ್ಟವರು ಅದೇ ಹೊತ್ತಿಗೆ ಬ್ಯಾಡಗಿಯಲ್ಲಿ ಚೀಲ ತೂಗಿಸುತ್ತಿದ್ದರೆ ಬ್ಯಾಂಕಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಮುಂದೆ ಹೀಗಾಗದಂತೆ ಬೆರಳಚ್ಚನ್ನು ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಲಾಕ್ ಮಾಡಬಹುದು. ಹಾಗೆ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಆ ಬೆರಳು ನಡೆಯುವುದಿಲ್ಲ ಎನ್ನುವುದನ್ನು ಸಲಹೆ ಕೊಡುವವರು ಹೇಳುವುದಿಲ್ಲ. ಆ ಹೊತ್ತಿಗೆ ತಾತ್ಕಾಲಿಕವಾಗಿ ತೆರೆಯಬೇಕು, ಇಲ್ಲವೇ ಚೀಟಿಯಲ್ಲಿರುವ ಮನೆಯ ಇನ್ನೊಬ್ಬರು ಹೆಬ್ಬಟ್ಟು ಕೊಡಬೇಕು. ಅದೂ ತೊಡಕೆನಿಸಿದರೆ ಖಾತೆಯಿಂದ ಆಧಾರ್ ಮೂಲಕ ರೊಕ್ಕ ತೆಗೆಯುವುದನ್ನು ಮಾತ್ರ ನಿಲ್ಲಿಸುವಂತೆ ಶಾಖೆಗೆ ಬರೆದುಕೊಡಿ; ಜಮಾ ಬರುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ಎಟಿಎಂನದು ಹೋಲಿಕೆಯಲ್ಲಿ ಸರಳ. ಯಂತ್ರ ನೋಟು ಕೊಡದೆ ಖಾತೆಯಿಂದ ಕಡಿತವಾಗಿದ್ದರೆ ಅದು ವಂಚನೆಯಲ್ಲ, ವಿಫಲ ವ್ಯವಹಾರ. 2019ರ ಸೆಪ್ಟೆಂಬರಿನ ನಿಯಮದಂತೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಮರಳಬೇಕು, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಕೇಳದಿದ್ದರೂ ಕೊಡಬೇಕು. "ವ್ಯವಹಾರ ಯಶಸ್ವಿ" ಎಂದು ಬ್ಯಾಂಕು ಹೇಳಿದರೆ ಆ ಯಂತ್ರದ ಇಲೆಕ್ಟ್ರಾನಿಕ್ ಜರ್ನಲ್ (ಯಂತ್ರ ತಾನೇ ಬರೆದಿಡುವ ದಾಖಲೆ) ಮತ್ತು ಅಂದಿನ ನಗದು ತಾಳೆಪಟ್ಟಿ ಕೇಳಿ. ಯಂತ್ರದೊಳಗೆ ನಗದು ಹೆಚ್ಚು ಉಳಿದಿದ್ದರೆ ಅದರಲ್ಲಿ ಕಾಣುತ್ತದೆ. ಕಾರ್ಡ್ ನಿಮ್ಮ ಕೈಯಲ್ಲೇ ಇದ್ದು ಬೇರೆ ಊರಲ್ಲಿ ರೊಕ್ಕ ತೆಗೆದಿದ್ದರೆ ಕಾರ್ಡ್ ನಿಲ್ಲಿಸಿ, ಆದರೆ ಕತ್ತರಿಸಿ ಬಿಸಾಡಬೇಡಿ. ಯಂತ್ರ ಬೇರೆ ಬ್ಯಾಂಕಿನದಾದರೆ ಸಿಸಿಟಿವಿ ದೃಶ್ಯ ನಿಮ್ಮ ಬ್ಯಾಂಕು ಅವರಿಂದ ಕೇಳಿ ತರಿಸಬೇಕು. ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗುವ ಮೊದಲು ಕೇಳಿದರಷ್ಟೇ ಸಿಗುತ್ತದೆ. ಸಹಾಯ ಮಾಡುತ್ತೇನೆಂದು ಬಂದವನು ಪಿನ್ ನೋಡಿಕೊಂಡು ಕಾರ್ಡ್ ಅದಲುಬದಲು ಮಾಡಿದ ಪ್ರಕರಣಗಳೇ ಇಲ್ಲಿ ಕಷ್ಟದವು. ಅಕ್ಷರ ಬಾರದವರಿಗೆ ಯಂತ್ರ ಕೊಟ್ಟು, ಅವರು ಇನ್ನೊಬ್ಬರ ನೆರವು ಕೇಳಿದ್ದನ್ನು ನಿರ್ಲಕ್ಷ್ಯ ಎನ್ನುವುದು ನ್ಯಾಯವೇ ಎಂದು ಕೇಳಬಹುದು. ಸದ್ಯದ ನಿಯಮ ಮಾತ್ರ ಹಾಗೆಯೇ ನೋಡುತ್ತದೆ. ಅಲ್ಲಿ ಉಳಿಯುವ ದಾರಿ ಎಂದರೆ ಬೇಗ ತಿಳಿಸುವುದು, ಆಮೇಲೆ ಹೋದದ್ದನ್ನಾದರೂ ಕೇಳಿ ಪಡೆಯುವುದು.

ಬ್ಯಾಂಕು 30 ದಿನ ಉತ್ತರಿಸದಿದ್ದರೆ ಅಥವಾ ಒಪ್ಪದ ಉತ್ತರ ಕೊಟ್ಟರೆ ಮುಂದಿನ ದಾರಿ ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಅರ್ಜಿ ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ವಿಚಾರಿಸಲು 14448. ಬ್ಯಾಂಕಿಗೆ ಮೊದಲು ಲಿಖಿತವಾಗಿ ದೂರು ಕೊಟ್ಟದ್ದಕ್ಕೆ ಪುರಾವೆ ಇಲ್ಲದೆ ಹೋದರೆ ಅಲ್ಲಿ ದೂರು ನಿಲ್ಲುವುದು ಕಷ್ಟ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇರುವ ಜಿಲ್ಲಾ ಗ್ರಾಹಕ ಆಯೋಗ ಇನ್ನೊಂದು ದಾರಿ, ಎರಡು ವರ್ಷದೊಳಗೆ ಹೋಗಬೇಕು, ನೀವು ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು. ಆದರೆ ಆಯೋಗದಲ್ಲಿ ಹೂಡಿದ ವಿಷಯವನ್ನು ಓಂಬುಡ್ಸ್‌ಮನ್ ಮುಟ್ಟುವುದಿಲ್ಲ, ಹಾಗಾಗಿ ಓಂಬುಡ್ಸ್‌ಮನ್ ಮೊದಲು. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ರೊಕ್ಕಕ್ಕೆ ಈ ಓಂಬುಡ್ಸ್‌ಮನ್ ಇಲ್ಲ, 2017ರ ಸುತ್ತೋಲೆಯೂ ಇಲ್ಲ. ಅವು ರಿಸರ್ವ್ ಬ್ಯಾಂಕಿನ ಅಡಿಯಲ್ಲಿ ಬರುವುದಿಲ್ಲ. ಆದರೆ ನಮ್ಮ ಪೇಟೆಗಳಲ್ಲಿ ಬ್ಯಾಂಕಿಗೂ ಸಂಘಕ್ಕೂ ಒಂದೇ ಥರದ ಬೋರ್ಡು, ಒಂದೇ ಥರದ ಪಾಸ್‌ಬುಕ್ಕು.

ರೊಕ್ಕ ಮರಳಿದ ಮೇಲೂ ಪಾಸ್‌ಬುಕ್ ಇನ್ನೊಮ್ಮೆ ನೋಡಬೇಕು. ಜಮಾ ಆದದ್ದು ಕಳುವಾದ ದಿನದ ಲೆಕ್ಕದಲ್ಲಿ ಬರಬೇಕು, ಅಂದರೆ ನಡುವಿನ ಬಡ್ಡಿ ತಪ್ಪಬಾರದು. ಖಾತೆ ಖಾಲಿ ಇದ್ದ ಆ ದಿನಗಳಲ್ಲಿ ಕನಿಷ್ಠ ಬಾಕಿ ಇಲ್ಲವೆಂದು ಹಾಕಿದ ದಂಡ, ಕಂತು ತಪ್ಪಿತೆಂದು ಹಾಕಿದ ಬೌನ್ಸ್ ಚಾರ್ಜು, ಅದರ ಮೇಲಿನ ಜಿಎಸ್‌ಟಿ ಬೇರೆ ಬೇರೆ ಸಾಲುಗಳಲ್ಲಿ ಚದುರಿರುತ್ತವೆ. ಅವನ್ನು ಒಂದೊಂದಾಗಿ ಗುರುತು ಹಾಕಿ, ಕೂಡಿಸಿ, ಇನ್ನೊಂದು ಅರ್ಜಿ ಬರೆಯಿರಿ. ಅದಕ್ಕೂ ಮುದ್ರೆ ಹಾಕಿಸಿಕೊಳ್ಳಿ.